ಗೋಸುಂಬೆಗೆ ಒಂದು ಅಡಿ ಮಣ್ಣು

ಪಕ್ಷ ಬದಲಿಸಿದವನನ್ನು ಗೋಸುಂಬೆ ಎನ್ನುತ್ತೇವೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಮಾತಾಡುವ ಗೆಳೆಯನೂ ಗೋಸುಂಬೆಯೇ. ಬೈಗುಳಕ್ಕಾಗಿ ಇಷ್ಟು ಕಾಲ ದುಡಿದ ಈ ಪ್ರಾಣಿಗೆ ಈಗ ಹೊಸ ಕೆಲಸ ಸಿಕ್ಕಿದೆ. ಅದು ನಮ್ಮ ವಯಸ್ಸಿನವರ ಕೋಣೆಗಳಲ್ಲಿ ಸಾಕುಪ್ರಾಣಿ, ರೀಲ್ಸ್‌ಗಳಲ್ಲಿ ತಾರೆ. ಎರಡು ಕಣ್ಣನ್ನು ಎರಡು ದಿಕ್ಕಿಗೆ ತಿರುಗಿಸುತ್ತಾ, ಮೈಗಿಂತ ಉದ್ದದ ನಾಲಿಗೆ ಚಾಚಿ ಹುಳ ಹಿಡಿಯುವ ವಿಡಿಯೊ ನೋಡಿದವರಿಗೆ ‘ನನಗೂ ಒಂದು ಬೇಕು’ ಅನ್ನಿಸುವುದು ಸಹಜ. ನಾಯಿಯಂತೆ ಬೊಗಳುವುದಿಲ್ಲ, ಬೆಕ್ಕಿನಂತೆ ಹಾಲು ಕದಿಯುವುದಿಲ್ಲ, ಮನೆ ಮಾಲೀಕರಿಗೆ ಗೊತ್ತೂ ಆಗುವುದಿಲ್ಲ. ಇಂಥದ್ದು ಬೆಂಗಳೂರಿನ ಫ್ಲಾಟುಗಳಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದೆ. ಮೂಡುಬಿದಿರೆಯ ಬಾಡಿಗೆ ಕೋಣೆಯೊಂದರಲ್ಲೇ ನೋಡಿದೆ.

ಅದನ್ನು ಸಾಕಲು ಹೊರಟವರು ಏನು ತಿನ್ನಿಸಬೇಕು, ಎಷ್ಟು ದೊಡ್ಡ ಗೂಡು ಬೇಕು, ಎಷ್ಟು ವ್ಯಾಟಿನ ಬಲ್ಬು ಬೇಕು ಎಂದೆಲ್ಲ ಕೇಳುತ್ತಾರೆ. ಯಾರೂ ಕೇಳದ ಪ್ರಶ್ನೆ ಒಂದಿದೆ: ತಂದದ್ದು ಹೆಣ್ಣಾಗಿದ್ದರೆ, ಅದು ಮೊಟ್ಟೆ ಇಡುವ ದಿನ ಏನು ಮಾಡುತ್ತೀರಿ? ಈ ಪ್ರಶ್ನೆಗೆ ಉತ್ತರ ಇಲ್ಲದವರು ಗೋಸುಂಬೆ ತರಬಾರದು. ನಮ್ಮಂಥ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಬಳಿ ಉತ್ತರ ಇರಲು ಸಾಧ್ಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಯಾವ ಗೋಸುಂಬೆ ಎಂಬುದನ್ನು ಹೇಳಿಬಿಡುತ್ತೇನೆ. ಬಂಟ್ವಾಳ, ಬೆಳ್ತಂಗಡಿ ಕಡೆ ಬೇಲಿ ಮೇಲೆ ಕೂತು ತಲೆಯಾಡಿಸುವ, ತುಳುವಿನಲ್ಲಿ ನಾವು ಓಂತಿ ಎನ್ನುವ ಜೀವಿ ಗೋಸುಂಬೆಯಲ್ಲ. ಮಳೆಗಾಲದಲ್ಲಿ ಗಂಡು ಓಂತಿಯ ತಲೆ ಕೆಂಪಾಗುವುದನ್ನು ಕಂಡು ಅದನ್ನೂ ಗೋಸುಂಬೆ ಎಂದು ಕರೆಯುವವರಿದ್ದಾರೆ, ಅಷ್ಟೆ. ನಿಜವಾದ ಭಾರತೀಯ ಗೋಸುಂಬೆ ಬೇರೆ. ನಮ್ಮ ಮಳೆಯ ನಾಡಿಗಿಂತ ಒಣ ಬಯಲುಸೀಮೆಯಲ್ಲಿ ಅದು ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಹಾಗಾಗಿ ಅಂಗಡಿಯವರು, ಸಾಕುವವರು ಕೈಮಾಡುವುದು ಹೊರದೇಶದ ಜಾತಿಗಳ ಮೇಲೆ. ಅದರಲ್ಲೂ ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಭಾಗದಿಂದ ಬಂದ, ತಲೆಯ ಮೇಲೆ ಕಿರೀಟದಂಥ ಎಲುಬಿರುವ ವೇಲ್ಡ್ ಕೆಮೀಲಿಯನ್ ಮೇಲೆ. ಇದಕ್ಕೂ ಕಾನೂನಿಲ್ಲ ಎಂದುಕೊಳ್ಳಬೇಡಿ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಆಮೇಲೆ 2024ರಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿ ಇರುವವರು ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮರಿ ಆದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು.

ನಾನು ನೋಡಿದ್ದು ನನ್ನ ಸಹಪಾಠಿಯ ಗೋಸುಂಬೆ. ಅಂಗೈಯಷ್ಟಿದ್ದಾಗ ತಂದಿದ್ದ. ಮಾರಿದವರು ಗಂಡು ಎಂದು ಕೊಟ್ಟಿದ್ದರು, ನೋಂದಣಿಯ ವಿಷಯ ಬಾಯಿ ಬಿಟ್ಟಿರಲಿಲ್ಲ. ಇವನೇ ಹುಡುಕಿ ಓದಿ ಅರ್ಜಿ ಹಾಕಿದ. ಹಾಗೆ ಓದುತ್ತಿರುವಾಗಲೇ ಇನ್ನೊಂದು ವಿಷಯ ತಿಳಿಯಿತು. ಈ ಜಾತಿಯ ಗಂಡಿಗೆ ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗಂಟು ಇರುತ್ತದೆ. ಇವನದ್ದಕ್ಕೆ ಇರಲಿಲ್ಲ. ‘ರಾಜ’ ಎಂದು ಹೆಸರಿಟ್ಟಿದ್ದ ಗೋಸುಂಬೆ ಒಂದೇ ಸಂಜೆಯಲ್ಲಿ ‘ರಾಣಿ’ಯಾಯಿತು. ನಾವೆಲ್ಲ ನಕ್ಕೆವು. ಹಿಮ್ಮಡಿ ನೋಡಿ ಹೇಳಬಹುದಾದಷ್ಟು ಸುಲಭದ ಸಂಗತಿಯನ್ನು ಹಣ ಎಣಿಸಿಕೊಳ್ಳುವವರು ನೋಡಿರಲಿಲ್ಲ.

ಆರು ತಿಂಗಳು ದಾಟುವಷ್ಟರಲ್ಲಿ ರಾಣಿಯ ಹೊಟ್ಟೆ ಉಬ್ಬತೊಡಗಿತು. ಅಜೀರ್ಣ ಎಂದರು ಕೆಲವರು. ಗಂಡೇ ಇಲ್ಲದೆ ಮೊಟ್ಟೆ ಹೇಗೆ ಬರುತ್ತದೆ ಎಂಬುದು ಎಲ್ಲರ ವಾದ. ಫಾರಂ ಕೋಳಿಯ ಮೊಟ್ಟೆ ಆಮ್ಲೆಟ್ ತಿನ್ನುತ್ತಲೇ ಈ ವಾದ ಮಾಡುತ್ತಿದ್ದರು ಎಂಬುದು ಬೇರೆ ಮಾತು. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುವ ಹಾಗೆ, ವೇಲ್ಡ್ ಕೆಮೀಲಿಯನ್ ಹೆಣ್ಣು ಕೂಡ ಪ್ರಾಯಕ್ಕೆ ಬಂದ ಮೇಲೆ ಗಂಡಿನ ಮುಖ ನೋಡದೆಯೇ ಮೊಟ್ಟೆ ಕಟ್ಟುತ್ತದೆ. ಅದರಿಂದ ಮರಿ ಬರುವುದಿಲ್ಲ, ಆದರೆ ಮೊಟ್ಟೆ ಹೊರಗೆ ಬರಲೇಬೇಕು. ಒಂದು ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅರವತ್ತು ದಾಟಿಯೂ ಇರಬಹುದು. ವರ್ಷಕ್ಕೆ ಎರಡು ಮೂರು ಸಲ ಇಡುವುದೂ ಉಂಟು. ಆಗ ಮೈಬಣ್ಣವೂ ಬದಲಾಗುತ್ತದೆ. ಮೊಟ್ಟೆ ತುಂಬಿದ ಹೆಣ್ಣು ಹತ್ತಿರ ಬಂದ ಗಂಡಿಗೆ ಕಪ್ಪಗಾದ ಮೈ ಮೇಲೆ ಹಳದಿ, ನೀಲಿ ಚುಕ್ಕೆ ತೋರಿಸಿ ಬಾಯಿ ತೆರೆದು ಹೆದರಿಸುತ್ತದೆ. ‘ದೂರ ಇರು’ ಎಂದು ಅಷ್ಟು ಸ್ಪಷ್ಟವಾಗಿ ಹೇಳುವ ಪ್ರಾಣಿಯ ಹೆಸರನ್ನು ನಾವು ಮಾತು ತಪ್ಪುವವರಿಗೆ ಇಟ್ಟಿದ್ದೇವೆ!

ಹೊತ್ತು ಹತ್ತಿರ ಬಂದಾಗ ಅದು ಊಟ ಬಿಡುತ್ತದೆ. ಸದಾ ಕೊಂಬೆಯ ತುದಿಯಲ್ಲಿರುವ ಜೀವಿ ನೆಲಕ್ಕೆ ಇಳಿದು ಗೂಡಿನ ಮೂಲೆ ಮೂಲೆ ಕೆರೆಯುತ್ತದೆ. ಮಣ್ಣು ಹುಡುಕುತ್ತದೆ. ಇಡೀ ವಿಷಯದ ಗಂಟು ಇರುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಜಾಲರಿ ಗೂಡಿನಲ್ಲಿ ಎಲ್ಲವೂ ಇರುತ್ತದೆ, ಮಣ್ಣು ಇರುವುದಿಲ್ಲ. ನೆಲಕ್ಕೆ ಪೇಪರ್ ಹಾಸಿದರೆ ಸ್ವಚ್ಛ ಮಾಡುವುದು ಸುಲಭ ಎಂದು ಎಲ್ಲರೂ ಕಲಿಸಿರುತ್ತಾರೆ. ಆದರೆ ಮೊಟ್ಟೆ ಇಡಲು ಅದಕ್ಕೆ ಕನಿಷ್ಠ ಒಂದು ಅಡಿ ಆಳದ, ತೇವ ಇರುವ, ಸುರಂಗ ತೋಡಿದರೆ ಕುಸಿಯದ ಮಣ್ಣು ಬೇಕು. ಸಹಪಾಠಿ 20 ಲೀಟರಿನ ಖಾಲಿ ಪೇಂಟ್ ಬಕೆಟ್ ತೊಳೆದು ತಂದ. ಹೊಯಿಗೆ ಮತ್ತು ಮಣ್ಣು ಅರ್ಧರ್ಧ. ಮಣ್ಣು ತರುವ ಕೆಲಸ ನನ್ನದು. ಸಿದ್ಧಕಟ್ಟೆಯಲ್ಲಿರುವ ಅಜ್ಜಿಮನೆಯಿಂದ ತಂದೆ. ಅಡಿಕೆ ಮರದ ಬುಡದ ಮಣ್ಣು ಮೆತ್ತಗಿರುತ್ತದೆ, ಆದರೆ ಅದಕ್ಕೆ ಪ್ರತಿ ಮಳೆಗಾಲದಲ್ಲಿ ಮೇಲಿಂದ ಬೋರ್ಡೋ ದ್ರಾವಣ ಬೀಳುತ್ತದೆ. ಮೈಲುತುತ್ತು ಬಿದ್ದ ಮಣ್ಣು ಬೇಡ ಎಂದು ಬೇಲಿ ಬದಿಯದ್ದು ಅಗೆದು, ಮುರಕಲ್ಲಿನ ಚೂರು ಬರದ ಹಾಗೆ ಜರಡಿ ಹಿಡಿದೆ. ಏನು ಓದುತ್ತಿದ್ದೀ ಎಂದು ಅಜ್ಜಿ ಕೇಳಿದರು. ಇಂಜಿನಿಯರಿಂಗ್ ಎಂದೆ.

ಬಕೆಟ್ ಸಿದ್ಧವಾದ ಮೇಲೆ ಒಂದು ಪರೀಕ್ಷೆ ಇದೆ. ಮಣ್ಣಿನಲ್ಲಿ ಎರಡು ಬೆರಳು ಓಡಿಸಿ ತೂತು ಮಾಡಿ ನೋಡಬೇಕು. ತೂತು ಹಾಗೇ ನಿಂತರೆ ಸರಿ. ಕುಸಿದರೆ ತೇವ ಸಾಲದು, ನೀರು ಜಿನುಗಿದರೆ ಹೆಚ್ಚಾಯಿತು. ಗೂಡಿನಿಂದ ಬಕೆಟ್‌ಗೆ ಇಳಿಯಲು ಒಂದು ಕೊಂಬೆ ಇಟ್ಟು, ಸುತ್ತ ಬಟ್ಟೆ ಮುಚ್ಚಬೇಕು. ಈ ಬಟ್ಟೆ ಮುಖ್ಯ. ತೋಡುತ್ತಿರುವಾಗ ಯಾರೋ ನೋಡುತ್ತಿದ್ದಾರೆ ಎನ್ನಿಸಿದರೆ ಹೆಣ್ಣು ಅರ್ಧಕ್ಕೇ ಬಿಟ್ಟು ಮೇಲೆ ಬರುತ್ತದೆ. ಮತ್ತೆ ಮತ್ತೆ ಹಾಗಾದರೆ ಮೊಟ್ಟೆ ಒಳಗೇ ಉಳಿಯುತ್ತದೆ. ಹುಡುಗರ ಕೋಣೆ ಎಂದ ಮೇಲೆ ಕೇಳಬೇಕೆ? ಪಕ್ಕದ ಕೋಣೆಯವರು, ಅವರ ಗೆಳೆಯರು, ವಿಡಿಯೊ ಮಾಡಲು ಬಂದವರು. ಬಾಗಿಲಿಗೆ ಅಡ್ಡ ನಿಲ್ಲುವುದೇ ದೊಡ್ಡ ಆರೈಕೆಯಾಗಿತ್ತು.

ನಾವು ಎಲೆಕ್ಟ್ರಾನಿಕ್ಸ್ ವಿಭಾಗದವರು. ಗೂಡಿಗೆ ಆರ್ಡುಯಿನೊ ಬೋರ್ಡ್, ಉಷ್ಣಾಂಶ–ತೇವಾಂಶ ಅಳೆಯುವ ಸೆನ್ಸರ್ ಎಲ್ಲ ಇತ್ತು. ಮೊಬೈಲಿಗೆ ಗಂಟೆಗೊಮ್ಮೆ ಸಂದೇಶ ಬರುತ್ತಿತ್ತು. ಕರೆಂಟ್ ಹೋದರೆ ಬಿಸಿಯ ದೀಪವೂ ಇಲ್ಲ, ಸಂದೇಶವೂ ಇಲ್ಲ ಎಂಬುದು ಮಳೆಗಾಲದಲ್ಲೇ ಗೊತ್ತಾಗಿತ್ತು. ಮೊಟ್ಟೆಯ ಹೊತ್ತಿಗೆ ಇವು ಯಾವುವೂ ನೆರವಿಗೆ ಬರಲಿಲ್ಲ. ಈ ಮಣ್ಣು ನನಗೆ ಒಪ್ಪಿಗೆಯೇ ಎಂದು ರಾಣಿ ಎರಡು ದಿನ ಯೋಚಿಸಿತು. ಎರಡು ತೂತು ತೋಡಿ ಬಿಟ್ಟಿತು. ಮೂರನೆಯದರಲ್ಲಿ ಬಾಲದ ತುದಿಯೂ ಕಾಣದಷ್ಟು ಒಳಗೆ ಹೋಯಿತು. ರಾತ್ರಿ ಅಲ್ಲೇ ಉಳಿಯಿತು. ಮರುದಿನ ಮಧ್ಯಾಹ್ನ ಕೆಸರು ಮೆತ್ತಿದ ಮೈಯಲ್ಲಿ ಹೊರಬಂದು, ಕಾಲಿನಿಂದ ಮಣ್ಣು ದೂಡಿ ಸುರಂಗ ಮುಚ್ಚಿ, ಮೇಲಿನಿಂದ ಸಮತಟ್ಟು ಮಾಡಿ ಕೊಂಬೆ ಹತ್ತಿತು. ಮುಚ್ಚಿ ಮುಗಿಯುವವರೆಗೆ ನಾವು ಕೈ ಹಾಕಲಿಲ್ಲ. ಆಮೇಲೆ ಅಗೆದು ಎಣಿಸಿದರೆ 41 ಮೊಟ್ಟೆ. ಅದರ ಪಕ್ಕೆ ಒಳಸೇರಿತ್ತು, ಕಣ್ಣು ಗುಳಿ ಬಿದ್ದಿತ್ತು. ಗೋಸುಂಬೆ ಬಟ್ಟಲಲ್ಲಿಟ್ಟ ನೀರನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕುತ್ತದೆ. ಅರ್ಧ ಗಂಟೆ ಎಲೆಗೆ ನೀರು ಸಿಂಪಡಿಸಿದ ಮೇಲೆ ಕ್ಯಾಲ್ಸಿಯಂ ಪುಡಿ ಸವರಿದ ಮಿಡತೆ ತಿಂದಿತು.

ಇದು ಸರಿಯಾಗಿ ನಡೆದ ಕಥೆ. ನಡೆಯದಿದ್ದರೆ? ಮಣ್ಣು ಸಿಗದಿದ್ದರೆ, ಕ್ಯಾಲ್ಸಿಯಂ ಸಾಲದಿದ್ದರೆ, ಯುವಿ ದೀಪ ಹಳೆಯದಾಗಿದ್ದರೆ, ನೋಡುವವರ ಕಾಟ ಹೆಚ್ಚಾದರೆ ಮೊಟ್ಟೆಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ದಿನಗಟ್ಟಲೆ ತೋಡಿಯೂ ಇಡದೆ, ನೆಲದಲ್ಲೇ ಸುಸ್ತಾಗಿ ಮಲಗಿ, ಹಗಲಲ್ಲೇ ಕಣ್ಣು ಮುಚ್ಚಿದರೆ ಅದು ಮನೆಮದ್ದಿನ ಹಂತ ದಾಟಿದೆ ಎಂದರ್ಥ. ಎಕ್ಸ್‌ರೇ ಬೇಕು, ಚುಚ್ಚುಮದ್ದು ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೇ ಬೇಕು. ತಡವಾದರೆ ಸಾಯುತ್ತದೆ. ನಮ್ಮ ತಾಲೂಕುಗಳಲ್ಲಿ ಪಶುವೈದ್ಯರೆಂದರೆ ದನ, ಆಡು, ನಾಯಿ ನೋಡುವವರು. ರಾತ್ರಿ ಹನ್ನೆರಡಕ್ಕೆ ಕರು ಹಾಕಲಾಗದ ದನಕ್ಕಾಗಿ ಬೈಕ್ ಏರಿ ಬರುವ ಅವರ ಬಗ್ಗೆ ನನಗೆ ಗೌರವವಿದೆ. ಆದರೆ ನೂರು ಗ್ರಾಂ ತೂಗುವ ಯೆಮನ್ ದೇಶದ ಸರೀಸೃಪವನ್ನು ಅವರ ಮೇಜಿನ ಮೇಲಿಟ್ಟು ‘ಉಳಿಸಿ’ ಎನ್ನುವುದು ಯಾವ ನ್ಯಾಯ? ವೈದ್ಯರನ್ನು ಮೊದಲು ಹುಡುಕಿಟ್ಟುಕೊಂಡು ಆಮೇಲೆ ಪ್ರಾಣಿ ತರಬೇಕು. ನಾವು ತಂದ ಮೇಲೆ ಗೂಗಲ್ ಮಾಡುತ್ತೇವೆ.

ಈಗಾಗಲೇ ಸಾಕುತ್ತಿರುವವರಿಗೆ ಒಂದೆರಡು ಮಾತು. ಬೆಳೆದ ಹೆಣ್ಣಿಗೆ ಪ್ರೀತಿಯಿಂದ ದಿನವೂ ಹೊಟ್ಟೆ ಬಿರಿಯ ತಿನ್ನಿಸಬೇಡಿ. ಆಹಾರ ಹೆಚ್ಚಾದಷ್ಟೂ, ಬಿಸಿ ಹೆಚ್ಚಾದಷ್ಟೂ ಮೊಟ್ಟೆ ಹೆಚ್ಚು. ಮೊಟ್ಟೆ ಹೆಚ್ಚಾದಷ್ಟೂ ಆಯಸ್ಸು ಕಮ್ಮಿ. ದಿನ ಬಿಟ್ಟು ದಿನ ಹಿಡಿತದಲ್ಲಿ ಕೊಟ್ಟರೆ ಸಂಖ್ಯೆ ಇಳಿಯುತ್ತದೆ ಎಂಬುದು ಅನುಭವಿಗಳ ಮಾತು. ಹೊಟ್ಟೆ ಉಬ್ಬಿದ ಮೇಲೆ ಬಕೆಟ್ ಹುಡುಕುವುದಲ್ಲ, ಹೆಣ್ಣು ಎಂದು ಗೊತ್ತಾದ ದಿನದಿಂದ ಮಣ್ಣು ಗೂಡಿನಲ್ಲಿರಲಿ.

ಇನ್ನು ನಮ್ಮ ಬದುಕಿನ ಲೆಕ್ಕಕ್ಕೆ ಬರೋಣ. ಒಳ್ಳೆಯ ಆರೈಕೆಯಲ್ಲಿ ಈ ಹೆಣ್ಣು ಐದು ವರ್ಷದ ಆಸುಪಾಸು ಬದುಕುತ್ತದೆ. ಎರಡನೇ ವರ್ಷದ ಬಿಇಯಲ್ಲಿ ತಂದರೆ ಕೋರ್ಸ್ ಮುಗಿದು, ಪ್ಲೇಸ್‌ಮೆಂಟ್ ಆಗಿ ಅಥವಾ ಆಗದೆ, ಪಿಜಿಯಿಂದ ಪಿಜಿಗೆ ಚೀಲ ಹೊತ್ತು ತಿರುಗುವ ವರ್ಷಗಳೆಲ್ಲ ಅದರ ಆಯಸ್ಸಿನೊಳಗೇ ಬರುತ್ತವೆ. ಸಂದರ್ಶನಕ್ಕೆ ಪುಣೆಗೆ ಹೋಗಬೇಕು, ಅದೇ ವಾರ ಅದು ನೆಲ ಕೆರೆಯಲು ಶುರು ಮಾಡುತ್ತದೆ. ಅಮ್ಮನಿಗೆ ವಹಿಸಿ ಹೋಗುತ್ತೀರಾ? ಜಿರಳೆ ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡಬೇಕಾದ ಅಮ್ಮ ಏನು ಹೇಳುತ್ತಾರೆ ಎಂದು ನಿಮಗೇ ಗೊತ್ತು. ಗಂಡೂ ಇದ್ದು ಮರಿ ಬರುವ ಮೊಟ್ಟೆಯಾದರೆ ಆರರಿಂದ ಒಂಬತ್ತು ತಿಂಗಳು ಹದವಾದ ಉಷ್ಣಾಂಶದಲ್ಲಿ ಕಾಯಬೇಕು. ಅದು ನಮ್ಮ ಸೆಮಿಸ್ಟರ್‌ಗಿಂತ ಉದ್ದ. ಆಮೇಲೆ ನಲವತ್ತು ಮರಿ. ಅವನ್ನು ಯಾರಿಗೆ ಕೊಡುತ್ತೀರಿ? ಕೋಣೆಯ ಕಿಟಕಿಯಾಚೆ ಬಿಡುವ ಆಲೋಚನೆಯಂತೂ ಬೇಡವೇ ಬೇಡ. ಅಮೆರಿಕದ ಫ್ಲೋರಿಡಾ, ಹವಾಯಿಗಳಲ್ಲಿ ಸಾಕಿದವರ ಕೈಯಿಂದ ಹೊರಬಿದ್ದ ಇದೇ ಜಾತಿ ಈಗ ಕಾಡಿನಲ್ಲಿ ಬೇರು ಬಿಟ್ಟು ಅಲ್ಲಿನವರಿಗೆ ತಲೆನೋವಾಗಿದೆ.

ಸಹಪಾಠಿಯ ವಾದ ಬೇರೆ. ‘ಆ ಎರಡು ದಿನದಲ್ಲಿ ನಾನು ಕಲಿತಷ್ಟು ಪಿಯುಸಿ ಬಯಾಲಜಿಯಲ್ಲಿ ಕಲಿಯಲಿಲ್ಲ. ಸಾಕದಿದ್ದರೆ ಪ್ರೀತಿ ಹುಟ್ಟುವುದು ಹೇಗೆ?’ ಎನ್ನುತ್ತಾನೆ. ಇದನ್ನು ಸುಮ್ಮನೆ ತಳ್ಳಿಹಾಕಲು ನನಗೆ ಆಗುವುದಿಲ್ಲ. ಅವನು ಪ್ರಾಮಾಣಿಕ, ಅವನ ಆರೈಕೆಯೂ ಪ್ರಾಮಾಣಿಕ. ಆದರೆ ಅವನು ಕೋಣೆಯಲ್ಲಿ ಇಷ್ಟು ಕಷ್ಟಪಟ್ಟು ನೋಡಿದ ದೃಶ್ಯ ನಮ್ಮ ಮೂರೂ ಊರುಗಳಲ್ಲಿ ಬಿಟ್ಟಿಯಾಗಿ ನಡೆಯುತ್ತದೆ. ನೋಡುವವರಿಲ್ಲ, ಅಷ್ಟೆ.

ನಾವು ಕಲ್ಲು ಹೊಡೆದು ಓಡಿಸುವ ಓಂತಿಯೂ ಹೀಗೆಯೇ ಮಾಡುತ್ತದೆ. ಮಳೆ ಬಿದ್ದು ನೆಲ ಮೆತ್ತಗಾದಾಗ ಹೆಣ್ಣು ಬೇಲಿ ಇಳಿದು, ಮುಂಗಾಲಿನಿಂದ ಕುಳಿ ತೋಡಿ ಹತ್ತಿಪ್ಪತ್ತು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಅಡಿಕೆ ತೋಟಕ್ಕೆ ಬಂದರೆ ಇನ್ನೂ ಸೊಗಸು. ಪೂರ್ಣಚಂದ್ರ ತೇಜಸ್ವಿ 1980ರ ‘ಕರ್ವಾಲೊ’ದಲ್ಲಿ ಒಂದು ತಂಡವನ್ನೇ ಕಾಡು ಸುತ್ತಿಸಿ ಹುಡುಕಿಸಿದ ಹಾರುವ ಓತಿ ನೆನಪಿದೆಯಲ್ಲ? ತೇಜಸ್ವಿಯವರ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ. ಹಾರುವ ಓತಿಗಳಲ್ಲಿ ನಮ್ಮ ಪಾಲಿಗೆ ಬಂದ ಜಾತಿ ಇಲ್ಲಿನ ಅಡಿಕೆ ಮರಗಳಲ್ಲೇ ಇದೆ. ಪಕ್ಕೆಲುಬಿನ ಮೇಲೆ ಹರಡಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ, ಇರುವೆ ತಿಂದು ಬದುಕುತ್ತದೆ. ತೊಗಟೆಯ ಬಣ್ಣವೇ ಅದರ ಬಣ್ಣವಾದ್ದರಿಂದ ಗಂಡು ಗಂಟಲಿನ ಹಳದಿ ಚೀಲ ಅಲ್ಲಾಡಿಸದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಆಯಸ್ಸಿಡೀ ಮರದ ಮೇಲೆ ಕಳೆಯುವ ಈ ಜೀವಿಯ ಹೆಣ್ಣು ನೆಲಕ್ಕೆ ಇಳಿಯುವುದು ಮೊಟ್ಟೆ ಇಡಲು. ಮೂತಿಯಿಂದ ಮಣ್ಣು ತೋಡಿ, ನಾಲ್ಕೈದು ಮೊಟ್ಟೆ ಇಟ್ಟು, ತಲೆಯಿಂದ ತಟ್ಟಿ ತಟ್ಟಿ ಮಣ್ಣು ಕೂರಿಸುತ್ತದೆ. ಹಾರಬಲ್ಲ ಪ್ರಾಣಿ ಅತ್ಯಂತ ಅಸಹಾಯಕವಾಗಿರುವ ಹೊತ್ತು ಅದು.

ಹಾಗೆ ಇಳಿದು ಬರುವಾಗ ಕೆಳಗೆ ಮಣ್ಣು ಇರಬೇಕಲ್ಲ. ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಬಸ್ಸಿನ ಕಿಟಕಿಯಿಂದ ನೋಡುತ್ತಾ ಬನ್ನಿ. ಮನೆ ಸಣ್ಣದಿರಲಿ ದೊಡ್ಡದಿರಲಿ, ಅಂಗಳಕ್ಕೆ ಇಂಟರ್‌ಲಾಕ್. ಹೆದ್ದಾರಿ ಅಗಲವಾಗುವ ಕಡೆ ಗುಡ್ಡ ಸೀಳಿ ಮುರಕಲ್ಲಿನ ಗೋಡೆ ನಿಂತಿದೆ. ತೋಟದಲ್ಲಿ ಹುಲ್ಲು ಸವರಲು ಆಳು ಸಿಗುವುದಿಲ್ಲ ಎಂದು ಕಳೆನಾಶಕ ಹೊಡೆಯುತ್ತೇವೆ. ಆಳು ಸಿಗುವುದಿಲ್ಲ ಎಂಬುದು ನಿಜ, ನಮ್ಮಪ್ಪನೂ ಅದನ್ನೇ ಹೇಳುತ್ತಾರೆ. ಆದರೂ ಬೇಲಿ ಬದಿಯ ಮೂರಡಿ ಜಾಗಕ್ಕೆ ಹೊಡೆಯದೆ ಬಿಟ್ಟರೆ ಫಸಲು ಇಳಿಯುವುದಿಲ್ಲ. ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಬಾವಿ ಹಿಂದಿನ ಮೂಲೆ ಬಿಟ್ಟರೆ ಗುತ್ತಿಗೆದಾರರಿಗಷ್ಟೇ ಬೇಸರ. ಜಾಲರಿ ಗೂಡು, ಯುವಿ ದೀಪ, ಮಂಜು ಸಿಂಪಡಿಸುವ ಯಂತ್ರಕ್ಕೆಂದು ಸಾವಿರಗಟ್ಟಲೆ ಕೂಡಿಡುವ ಗೆಳೆಯರಿಗೆ ನಾನು ಹೇಳುವುದಿಷ್ಟೆ. ಆ ದುಡ್ಡಿಗೆ ಒಂದು ದುರ್ಬೀನು ತೆಗೆದುಕೊಳ್ಳಿ, ಯಾರದ್ದಾದರೂ ಅಡಿಕೆ ತೋಟದಲ್ಲಿ ಒಂದು ಬೆಳಿಗ್ಗೆ ಕೂತುಕೊಳ್ಳಿ.

ಕಳೆದ ಮಳೆಗಾಲ ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಹಿಂದಿನ ಕೋಣೆಯ ಕೆಲಸ ನಡೆಯುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದು ಕೆಲಸ ನಿಂತು, ತರಿಸಿದ ಹೊಯಿಗೆ ಮನೆ ಬದಿಯಲ್ಲಿ ರಾಶಿಯಾಗಿ ಉಳಿದಿತ್ತು. ಬಿಸಿಲು ಕಂಡ ಒಂದು ವಾರ ಮೇಸ್ತ್ರಿ ಬಂದು ಹಾರೆ ಹಾಕಿದಾಗ ಬಿಳಿ ಮೊಟ್ಟೆಗಳು ಕಂಡವು. ಹಾವಿನದ್ದು ಎಂದರು ಜೊತೆಯವರು. ಮೇಸ್ತ್ರಿ ಬಗ್ಗಿ ನೋಡಿ, ‘ಓಂತಿದ್ದು’ ಎಂದರು. ಎತ್ತಿ ಬೇರೆ ಕಡೆ ಇಡಲೇ ಎಂದು ಅಪ್ಪ ಕೇಳಿದರು. ಬೇಡ, ಸರೀಸೃಪದ ಮೊಟ್ಟೆ ಮಗುಚಿದರೆ ಒಳಗಿನ ಮರಿ ಸಾಯುತ್ತದೆ ಎಂದು ನಾನು ರಾಣಿಯಿಂದ ಕಲಿತದ್ದನ್ನು ಹೇಳಿದೆ. ಹೊಯಿಗೆಯ ಈಗಿನ ರೇಟು ಎಷ್ಟು ಎಂದು ಅಪ್ಪ ನನಗೆ ಹೇಳಿದರು. ಮೇಸ್ತ್ರಿ ಇಬ್ಬರ ಮಾತೂ ಕೇಳಿ, ಕಂಡ ಮೊಟ್ಟೆಗಳ ಮೇಲೆ ಕೈಯಲ್ಲೇ ಹೊಯಿಗೆ ಎಳೆದು, ಅದರ ಮೇಲೆ ಒಂದು ಅಡಿಕೆ ಸೋಗೆ ಇಟ್ಟು, ರಾಶಿಯ ಆಚೆ ಬದಿಯಿಂದ ಹಾರೆ ಹಾಕಲು ಶುರು ಮಾಡಿದರು. ಕೋಣೆಯ ಗಾರೆ ಮುಗಿದಾಗ ಸೋಗೆಯ ಅಡಿಯಲ್ಲಿ ಎರಡು ಬುಟ್ಟಿಯಷ್ಟು ಹೊಯಿಗೆ ಹಾಗೇ ಉಳಿದಿತ್ತು.